ಹೇಳಿದವರು: ಯಮನಮ್ಮ, ಬಾಗಲವಾಡ

ವಯಸ್ಕರ ಶಿಕ್ಷಣ ಅಂದರೆ ಸಾಕು, ಈಗಲೂ ನನಗೆ ಮೈ ಉರಿಯುತ್ತದೆ. ಯಾರಾದರೂ ವೇದಿಕೆ ಹತ್ತಿ ಅಕ್ಷರವೇ ಬೆಳಕು, ಅಕ್ಷರವೇ ಶಕ್ತಿ ಅಂತ ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬರುತ್ತೇನೆ. ಸಭೆಯಲ್ಲಿ ಕೂರುವ ರೀತಿ ಗೊತ್ತಿಲ್ಲದ ಹೆಂಗಸು ಅನ್ನುತ್ತಾರೆ. ಅನ್ನಲಿ. ಆ ಎರಡು ಮಾತನ್ನು ಬಾಗಲವಾಡದ ಬೀರಪ್ಪನ ಗುಡಿಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ದಪ್ಪಗೆ ಬರೆದವಳು ನಾನೇ. ಆಗ ನಂಬಿದ್ದೆ ಕೂಡ.

ನನ್ನ ಹೆಸರು ಮಹಾಂತಮ್ಮ. ತವರು ದೇವದುರ್ಗ. ಗಂಡ ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಸೊಸೈಟಿ ಗುಮಾಸ್ತರಾಗಿದ್ದರು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಎಲ್ಲೆಲ್ಲೂ ವಯಸ್ಕರ ಶಿಕ್ಷಣದ ಗದ್ದಲ. ರಾಯಚೂರಿನ ಒಂದು ಸಮಿತಿ ಊರಿಗೊಬ್ಬ ಟೀಚರನ್ನು ಹುಡುಕುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಆ ಊರಿನಲ್ಲಿ ನಾನೊಬ್ಬಳೇ ಇದ್ದುದರಿಂದ ಆರಿಸುವ ಕಷ್ಟ ಅವರಿಗೆ ಬೀಳಲಿಲ್ಲ. ಕುರಿ ಸಾಕುವವರ ಓಣಿಯ ಹೆಂಗಸರಿಗೆ ಮಧ್ಯಾಹ್ನ ಊಟವಾದ ಮೇಲೆ ಗುಡಿಯ ಕಟ್ಟೆಯಲ್ಲಿ ಪಾಠ. ಸ್ಲೇಟು, ಬಳಪ, ಜಮಖಾನೆ ಎಲ್ಲವನ್ನೂ ದಾನ ಕೊಟ್ಟವರು ಪೋತ್ನಾಳದ ದಾರಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ವಿರೂಪಣ್ಣ. ನಮ್ಮವರೇ, ದೂರದ ಸಂಬಂಧ, ನನ್ನನ್ನು ತಂಗಿ ಅನ್ನುತ್ತಿದ್ದರು. ಹಣೆ ತುಂಬ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ.

ಬೆಂಗಳೂರಿನಿಂದ ಬಂದ ಪುಸ್ತಕದಲ್ಲಿ ಅ ಅಂದರೆ ಅರಸ, ಆ ಅಂದರೆ ಆನೆ. ನನ್ನ ಎದುರಿಗೆ ಕುಳಿತ ಹೆಂಗಸರು ಅರಸನನ್ನು ಕಂಡಿರಲಿಲ್ಲ, ರಜಾಕಾರರನ್ನು ಕಂಡಿದ್ದರು. ಆನೆಯನ್ನೂ ಕಂಡಿರಲಿಲ್ಲ. ನಾನು ಕೂಗಿ ಕೂಗಿ ಹೇಳಿದರೆ ಅವರು ಆಕಳಿಸುತ್ತಾ ತಮ್ಮ ಪಾಡಿಗೆ ಉಣ್ಣೆ ನೂಲುತ್ತಿದ್ದರು. ತಿಂಗಳು ಕಳೆದರೂ ಅರಸ ಒಳಗೆ ಬರಲಿಲ್ಲ, ಆನೆಯೂ ಬರಲಿಲ್ಲ.

ಆಗ ರಾಯಚೂರಿನಲ್ಲಿ ನಮಗೆ ತರಬೇತಿ ಇಟ್ಟರು. ಸೂಪರ್‌ವೈಸರ್ ಹನುಮಂತ್ರಾಯರು ಒಳ್ಳೆಯ ಮಾತುಗಾರರು, ಖಾದಿ ಜುಬ್ಬಾ, ಮೆತ್ತನೆಯ ದನಿ. ಪುಸ್ತಕ ಮುಚ್ಚಿಡಿ ಅಂದರು. “ಅವರ ಬಾಯಾಗಿನ ಮಾತೇ ಪಾಠ ಆಗಬೇಕು ನೋಡ್ರಿ. ಅವರು ತಮ್ಮ ಕತಿ ತಾವು ಹೇಳಲಿ. ಹೇಳಿದ್ದನ್ನ ಹೇಳಿದಂಗ ದೊಡ್ಡ ಹಾಳಿ ಮ್ಯಾಲ ಬರೀರಿ. ಒಂದು ಅಕ್ಷರ ನಿಮ್ಮದು ಸೇರಿಸಬ್ಯಾಡ್ರಿ. ತಾನು ಹೇಳಿದ್ದನ್ನ ತಾನೇ ಓದಿದಾಗ ಮನುಷ್ಯಾಗ ಅಕ್ಷರ ತನ್ನದು ಅನ್ನಿಸ್ತದ.” ಇಂಥ ಚಂದದ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಂದು ಅಕ್ಷರ ನಿಮ್ಮದು ಸೇರಿಸಬ್ಯಾಡ್ರಿ ಅಂದವರು ಇದೇ ಹನುಮಂತ್ರಾಯರು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಊರಿಗೆ ಬಂದು ಹಾಗೇ ಮಾಡಿದೆ. ಕಿರಾಣಿ ಅಂಗಡಿಯಿಂದ ಕಂದು ಕಾಗದ ತಂದೆ. “ಯಾರಾದರೂ ಒಂದು ಮಾತು ಹೇಳ್ರೆವ್ವಾ” ಅಂದೆ. ತಿಮ್ಮವ್ವ ಅನ್ನುವ ನಗೆಗಾತಿ ಥಟ್ಟನೆ ಹೇಳಿದಳು: “ನಮ್ಮತ್ತಿ ಸಾಯವಲ್ಲಳು, ನನ್ನ ಕೈಗೆ ಬೀಗದ ಕೈ ಬರವಲ್ಲದು.” ಹಾಗೇ ಬರೆದು ಗೋಡೆಗೆ ಅಂಟಿಸಿದೆ. ಗುಡಿ ಹಾರಿಹೋಗುವ ಹಾಗೆ ನಕ್ಕರು. ಮರುದಿನ ಒಬ್ಬೊಬ್ಬರೂ ಬಂದು ಅತ್ತಿ ಎಲ್ಲಿದ್ದಾಳೆ ಅಂತ ಬೆರಳಿಟ್ಟು ತೋರಿಸಿದರು. ಆ ವಾರ ಮುಗಿಯುವುದರೊಳಗೆ ಓಣಿಯ ಸೊಸೆಯರೆಲ್ಲ ‘ಅತ್ತಿ’ ಬರೆಯಲು ಕಲಿತಿದ್ದರು, ಕೆಲವರು ಬರೆದು ಉಗುಳು ಹಚ್ಚಿ ಅಳಿಸುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಯಮನಮ್ಮ ಬಂದದ್ದು ಆ ನಗೆಯ ದಿನಗಳಲ್ಲಿ. ಅವಳು ನಗಲು ಬಂದಿರಲಿಲ್ಲ. ನಲವತ್ತು ದಾಟಿದ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ಕಟ್ಟೆಯ ಕೆಳಗೆ ನಿಂತು ಗೋಡೆಯ ಹಾಳೆಗಳನ್ನು ನೋಡುತ್ತಾ ಕೇಳಿದಳು:

“ಟೀಚರ್, ನಾ ಹೇಳಿದ್ದು ಹಿಂಗ ಕಾಗದದ ಮ್ಯಾಲ ಬರ್ತದೇನ್ರಿ?”

“ಬರ್ತದ, ಬಾ ಮ್ಯಾಲ.”

“ನಾ ಹೇಳಿದಂಗೇ ಬರ್ತದೇನ್ರಿ?”

“ನೀ ಹೇಳಿದಂಗೇ.”

ಅವಳ ಸಂಗತಿ ಊರಿಗೆಲ್ಲ ಗೊತ್ತಿತ್ತು, ಅಂದರೆ ಗಿರಣಿಯವರು ಹೇಳಿದಷ್ಟು ಗೊತ್ತಿತ್ತು. ಅವಳ ಮಗಳು ಮಾರೆಮ್ಮ ವಿರೂಪಣ್ಣನ ಗಿರಣಿಯಲ್ಲಿ ಭತ್ತ ಕುದಿಸುವ ಕೂಲಿಗೆ ಹೋಗುತ್ತಿದ್ದಳು. ಲಗ್ನ ಗೊತ್ತಾಗಿದ್ದ ಹುಡುಗಿ. ಒಂದು ದಿನ ಕೆಲಸಕ್ಕೆ ಹೋದವಳು ತಿರುಗಿ ಬರಲಿಲ್ಲ. ಯಾವನೋ ಲಾರಿಯವನ ಜೊತೆ ಓಡಿ ಹೋದಳು ಅಂದರು ಗಿರಣಿಯವರು. ಪೊಲೀಸರ ಹತ್ತಿರ ಹಾಗೇ ಬರೆಸಿದರು. ಅದೇ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದ ಇಮಾಮ್ ಬೀ ಅನ್ನುವ ಹೆಂಗಸು ಮಾತ್ರ ಬೇರೆ ಮಾತು ಹೇಳಿದಳು. ಮಾರೆಮ್ಮ ಕಾಲು ಜಾರಿ ಕುದಿಯುವ ನೀರಿನ ತೊಟ್ಟಿಗೆ ಬಿದ್ದಳು, ಎಳೆದು ಟ್ರ್ಯಾಕ್ಟರಿಗೆ ಹಾಕಿ ಮೇಲೆ ಗೋಣಿಚೀಲ ಹೊದಿಸಿ ಒಯ್ದರು, ಎಲ್ಲಿಗೆ ಅಂತ ಗೊತ್ತಿಲ್ಲ. ಮರುದಿನದಿಂದ ಇಮಾಮ್ ಬೀಗೆ ಅಲ್ಲಿ ಕೆಲಸ ಇರಲಿಲ್ಲ. ಯಮನಮ್ಮ ರಾಯಚೂರಿನ ದವಾಖಾನೆಗಳನ್ನೆಲ್ಲ ಸುತ್ತಿದಳು, ಮಾನ್ವಿಯಲ್ಲಿ ಕಂಡವರ ಕಾಲು ಹಿಡಿದಳು. ಮಗಳ ಒಂದು ಕೂದಲೂ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಇತ್ತು. ಅವರ ಕುಲದಲ್ಲಿ ಸತ್ತವರಿಗೆ ಹಿರಿಯರು ಕುಳಿತು ಎಡೆ ಹಿಡಿಯುತ್ತಾರೆ. ಎಡೆ ಹಿಡಿದ ಮೇಲೆ ಆ ಮನೆಯಲ್ಲಿ ಹುಟ್ಟುವ ಮಗುವಿಗೆ ಸತ್ತವರ ಹೆಸರು ಇಡುತ್ತಾರೆ. ಹಾಗೆ ಹೋದವರು ತಿರುಗಿ ಮನೆಗೆ ಬಂದ ಹಾಗೆ. ಓಡಿ ಹೋದ ಹೆಣ್ಣಿಗೆ ಎಡೆ ಇಲ್ಲ, ಅವಳ ಹೆಸರನ್ನು ಮತ್ತೆ ಯಾರಿಗೂ ಇಡುವ ಹಾಗಿಲ್ಲ, ಆ ಮನೆಯಲ್ಲಿ ಎತ್ತುವ ಹಾಗೂ ಇಲ್ಲ. ಕುಲದ ಹಿರಿಯ ಕನಕರಾಯ ಹಾಗೆಂದು ತೀರ್ಮಾನ ಕೊಟ್ಟಿದ್ದ. ಯಮನಮ್ಮನ ಸೊಸೆ ಈಗ ಬಸುರಿ. ಹೆಣ್ಣು ಹುಟ್ಟಿದರೆ ಮಾರೆಮ್ಮ ಅಂತ ಕರೆಯಬೇಕು. ಆ ಹೆಂಗಸಿಗೆ ಜಗತ್ತಿನಲ್ಲಿ ಉಳಿದಿದ್ದ ಆಸೆ ಅದೊಂದೇ.

“ಕನಕರಾಯಪ್ಪ ಕೆಟ್ಟಾವಲ್ರಿ,” ಅಂದಳು ನನಗೆ. “ಗಿರಣ್ಯಾರ ಕಡೆ ಮುದ್ರಿ ಒತ್ತಿದ ಕಾಗದ ಅದ, ನಿನ್ನ ಕಡೆ ಏನದ ಅಂತ ಕೇಳಿದ. ನನ್ನ ಕಡೆ ಬಾಯಿ ಅದ ಅಂದೆ. ಬಾಯಿ ಎಲ್ಲಾರಿಗೂ ಅದ ಅಂದ. ಅದಕ್ಕ ಬಂದೀನ್ರಿ.”

ಅವಳು ಹೇಳಿದಳು, ನಾನು ಬರೆದೆ. ಇಮಾಮ್ ಬೀ ಪಕ್ಕದಲ್ಲಿ ಕುಳಿತಿದ್ದಳು. ಆ ಮಧ್ಯಾಹ್ನ ಕಟ್ಟೆಯಲ್ಲಿ ಯಾರೂ ನೂಲಲಿಲ್ಲ.

*ನನ್ನ ಮಗಳು ಮಾರೆಮ್ಮ. ಅಕಿ ಗಿರಣ್ಯಾಗ ನೆಲ್ಲು ಕುದಸ್ತಿದ್ಲು. ಕಾಲು ಜಾರಿ ತೊಟ್ಟ್ಯಾಗ ಬಿದ್ಲು. ನೀರು ಕುದ್ಯಾಕತ್ತಿತ್ತು. ಟ್ರ್ಯಾಕ್ಟರಿನ್ಯಾಗ ಹಾಕಿ ಗೋಣಿಚೀಲ ಹೊಚ್ಚಿದ್ರು. ಕೈ ಹೊರಗ ಇತ್ತು. ನನಗ ಹೇಳಲಿಲ್ಲ. ನನ್ನ ಮಗಳು ಓಡಿ ಹೋಗಿಲ್ಲ. ಸತ್ತಾಳ.*

‘ಕೈ ಹೊರಗ ಇತ್ತು’ ಅನ್ನುವ ಮಾತು ಇಮಾಮ್ ಬೀ ಕೊಟ್ಟದ್ದು. ಅದನ್ನು ಬರೆಯುವಾಗ ಶಾಯಿ ಸುರಿದು ಒಂದು ಮಚ್ಚೆ ಆಯಿತು.

ಈ ಒಂಬತ್ತು ಮಾತಿನಿಂದ ಯಮನಮ್ಮ ಓದಲು ಕಲಿತಳು. ಬೇರೆಯವರ ಹಾಳೆ ಅವಳಿಗೆ ಬೇಡ. ಮೊದಲು ಇಡೀ ಸಾಲು, ಆಮೇಲೆ ಕತ್ತರಿಸಿದ ಶಬ್ದಗಳು, ಆಮೇಲೆ ಬಿಡಿ ಅಕ್ಷರ. ಮಾ ಅಂದರೆ ಮಾರೆಮ್ಮ, ಗಿ ಅಂದರೆ ಗಿರಣಿ, ಸ ಅಂದರೆ ಸತ್ತಾಳ. ಕುರಿ ಹಿಂಡಿನ ಹಿಂದೆ ಹೋಗುತ್ತಾ ಕೋಲಿನಿಂದ ದೂಳಿನಲ್ಲಿ ಬರೆಯುತ್ತಿದ್ದಳಂತೆ, ಕುರಿಗಳು ತುಳಿದು ಅಳಿಸುತ್ತಿದ್ದವಂತೆ, ಮತ್ತೆ ಬರೆಯುತ್ತಿದ್ದಳಂತೆ. ಉಳಿದವರು ಅತ್ತಿಯಲ್ಲೇ ಆಟವಾಡಿಕೊಂಡಿರುವಾಗ ಇವಳು ಬಸ್ಸಿನ ಬೋರ್ಡು ಓದುತ್ತಿದ್ದಳು. ಅವಳ ಕಲಿಕೆ ನೋಡಿ ನನಗೆ ಸಂತೋಷ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಒಂದು ದಿನ ಕನಕರಾಯನನ್ನು ಗುಡಿಗೆ ಕರೆತಂದು ಗೋಡೆಯ ಮೇಲಿನದನ್ನು ಓದಿ ತೋರಿಸಿದಳು. ಮುದುಕ ಕಂಬಳಿಯ ಮೇಲೆ ಕುಳಿತು ಪೂರಾ ಕೇಳಿದ. ಕಣ್ಣು ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಅಂದ:

“ಇದು ನೀವು ಬರದದ್ದು ಟೀಚರಮ್ಮ. ನೀವು ಅಕಿ ಕಡೇರು. ಇದನ್ನ ಹಿಡಕೊಂಡು ನಾ ಎಡಿ ಹಿಡದ್ರ ನಾಳೆ ಹತ್ತು ಊರಿನ ಮಂದಿ ನನ್ನ ಮಾರಿಗೆ ಉಗುಳ್ತಾರ. ಸರಕಾರದ ಅಚ್ಚಿನ್ಯಾಗ ಬರ್ಲಿ. ಬಂದ ದಿನ ನಾನೇ ಮುಂದ ನಿಂತು ಎಡಿ ಹಿಡೀತೀನಿ, ಕೂಸಿಗೆ ಹೆಸರೂ ನಾನೇ ಕರೀತೀನಿ.”

“ಬೀರಪ್ಪನ ಮುಂದ ಹೇಳಾಕತ್ತೀದಿ, ಯಪ್ಪಾ,” ಅಂದಳು ಯಮನಮ್ಮ.

“ಬೀರಪ್ಪನ ಮುಂದೇ ಹೇಳೀನಿ.”

ಅಚ್ಚಿನಲ್ಲಿ ಬರುವ ದಾರಿ ತಾನಾಗಿ ಬಂತು. ಹನುಮಂತ್ರಾಯರು ತಪಾಸಣೆಗೆ ಬಂದರು. ಯಮನಮ್ಮ ಓದಿದಳು, ಅವರು ಅತ್ತರು. ನಾಟಕವಲ್ಲ, ನಿಜವಾಗಿ ಅತ್ತರು, ಕರವಸ್ತ್ರ ಹಿಂಡುವ ಹಾಗೆ. ಸಮಿತಿಯವರು ಕಲಿಯುವವರ ಬಾಯಿಂದ ಬಂದ ಕತೆಗಳನ್ನೇ ಸೇರಿಸಿ ಜಿಲ್ಲೆಗೆಲ್ಲ ಒಂದು ಓದುವ ಪುಸ್ತಕ ಅಚ್ಚು ಹಾಕಿಸುತ್ತಾರಂತೆ. “ಇದು ಇಲ್ಲದ ಪುಸ್ತಕ ಪುಸ್ತಕನೇ ಅಲ್ಲ,” ಅಂದರು. ಗೋಡೆಯಿಂದ ಹಾಳೆಯನ್ನು ತಾವೇ ಬಿಡಿಸಿ, ಹರಿಯದ ಹಾಗೆ ಸುತ್ತಿ, ಬಗಲಲ್ಲಿ ಇಟ್ಟುಕೊಂಡರು. ಯಮನಮ್ಮ ಅವರ ಕಾಲಿಗೆ ಬಿದ್ದಳು. ಅವರು ಹಿಂದೆ ಸರಿದು “ನಾನೇ ನಿನ್ನ ಕಾಲಿಗೆ ಬೀಳಬೇಕವ್ವಾ” ಅಂದರು. ಆ ಮಾತಿಗೆ ನಮಗೆಲ್ಲ ಎದೆ ತುಂಬಿ ಬಂತು. ಎಂಥ ಮಾತುಗಾರ ಅಂತ ಮೊದಲೇ ಹೇಳಲಿಲ್ಲವೇ!

ಇದಾದ ಸ್ವಲ್ಪ ದಿನಕ್ಕೆ ವಿರೂಪಣ್ಣ ನಮ್ಮ ಮನೆಗೆ ಬಂದರು. ಚಹಾ ಕುಡಿದರು, ನನ್ನ ಗಂಡನ ಕೆಲಸದ ಬಗ್ಗೆ ವಿಚಾರಿಸಿದರು, ಸೊಸೈಟಿಯ ಅಧ್ಯಕ್ಷರು ತಮಗೆ ಬೇಕಾದವರು ಅಂತ ಹೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು ನಕ್ಕರು.

“ನಿನ್ನ ಅಕ್ಷರ ಚಂದ ಅದಾವಂತಲ್ಲ ತಂಗಿ, ರಾಯಚೂರಿನ ತನಕ ಹೆಸರಾಗ್ಯಾವ. ಹಿಂಗೇ ಕಲಿಸು. ಪುಸ್ತಕಕ್ಕ ಏನು ಬೇಕೋ ನಾವು ಇದ್ದೀವಿ.”

ಅವರು ಹೋದ ಮೇಲೆ ಗಂಡ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಹಾಳೆ ಹೇಗೂ ರಾಯಚೂರು ಸೇರಿದೆ, ಇನ್ನು ಯಾರಪ್ಪನಿಂದಲೂ ಅಳಿಸಲಾಗುವುದಿಲ್ಲ ಅಂತ ನನ್ನೊಳಗೆ ನಾನು ಕುಣಿಯುತ್ತಿದ್ದೆ.

ಸೊಸೆಗೆ ಹೆಣ್ಣು ಹುಟ್ಟಿತು. ಪುಸ್ತಕ ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂದರೂ ಯಮನಮ್ಮ ಬಿಡಲಿಲ್ಲ, ಮುಂದಕ್ಕೆ ಹಾಕಿಸಿದಳು. ಮತ್ತೆ ಮುಂದಕ್ಕೆ ಹಾಕಿಸಿದಳು. ಹೆಸರಿಲ್ಲದ ಕೂಸಿಗೆ ದೃಷ್ಟಿ ಬೇಗ ತಾಗುತ್ತದೆ ಅಂತ ಬೀಗರು ಗೊಣಗಿದರು. ಮಗ ಜಂಬಣ್ಣ ತಾಯಿಯ ಮೇಲೆ ರೇಗಿದ. ಅವಳು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ರಾಯಚೂರಿನ ಬಸ್ಸು ಬರುವ ಹೊತ್ತಿಗೆ ದಿನವೂ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದಳು. ಕಂಡಕ್ಟರನಿಗೆ ಅವಳ ಮುಖ ಪರಿಚಯವಾಗಿ “ಇವತ್ತೂ ಇಲ್ಲವ್ವಾ” ಅಂತ ಇಳಿಯುವ ಮೊದಲೇ ಕೈಯಾಡಿಸುತ್ತಿದ್ದ.

ಕಡೆಗೊಂದು ದಿನ ಕಟ್ಟು ಬಂತು. ಆಕೆ ಅದನ್ನು ತಲೆಯ ಮೇಲೆ ಹೊತ್ತು ನಮ್ಮ ಮನೆಗೆ ಬರಲಿಲ್ಲ, ನೆಟ್ಟಗೆ ಗುಡಿಗೆ ಹೋದಳು. ಅಲ್ಲಿಂದಲೇ ಕನಕರಾಯನಿಗೆ ಹೇಳಿಕಳಿಸಿದಳು, ನನಗೂ ಹೇಳಿಕಳಿಸಿದಳು. ನಾನು ಒಗೆಯುತ್ತಿದ್ದ ಬಟ್ಟೆ ಬಿಟ್ಟು ಓಡಿದೆ. ಹೋಗುವ ಹೊತ್ತಿಗೆ ಓಣಿಯೆಲ್ಲ ಸೇರಿತ್ತು. ಸೊಸೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಎಡೆಗೆ ಅಂತ ಯಾರೋ ಆಗಲೇ ಒಲೆ ಹೊತ್ತಿಸಿದ್ದರು. ಯಮನಮ್ಮ ಹಗ್ಗ ಬಿಚ್ಚಿ ಒಂದು ಪುಸ್ತಕ ತೆಗೆದುಕೊಂಡಿದ್ದಳು. ಹಳದಿ ರಟ್ಟು, ಮೇಲೆ ಉರಿಯುವ ದೀಪದ ಚಿತ್ರ.

“ನಾ ಓದ್ತೀನಿ ಟೀಚರ್,” ಅಂದಳು. “ನೀವು ಓದಬ್ಯಾಡ್ರಿ. ನಾನೇ ಓದಬೇಕು.”

ತನ್ನ ಪಾಠವನ್ನು ಅವಳು ಹುಡುಕಿದ್ದು ತನ್ನ ಹೆಸರಿನಿಂದ. ಒಂದು ಪುಟದ ಕೆಳಗೆ ಸಣ್ಣಕ್ಷರದಲ್ಲಿ ‘ಹೇಳಿದವರು: ಯಮನಮ್ಮ, ಬಾಗಲವಾಡ’ ಅಂತ ಇತ್ತು. ಅದನ್ನೇ ಮೊದಲು ಓದಿ ಎಲ್ಲರ ಕಡೆ ತಿರುಗಿ ತೋರಿಸಿದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕನಕರಾಯ “ಭೇಷ್” ಅಂದ. ಆಮೇಲೆ ಮೇಲಿನಿಂದ ಬೆರಳಿಟ್ಟು ಶುರು ಮಾಡಿದಳು.

ಹೊಸದಾಗಿ ಓದುವವರಿಗೆ ಮೊದಲು ಸದ್ದು ಬರುತ್ತದೆ, ಅರ್ಥ ಹಿಂದಿನಿಂದ ಬರುತ್ತದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಬಾಯಲ್ಲಿ ಆಡಿ, ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡ ಮೇಲೆ ಏನು ಓದಿದೆ ಅಂತ ತಿಳಿಯುತ್ತದೆ. ಇದು ಟೀಚರುಗಳಿಗೆಲ್ಲ ಗೊತ್ತು. ಆ ದಿನ ಅವಳು ದೊಡ್ಡ ದನಿಯಲ್ಲಿ, ಹೆಮ್ಮೆಯಿಂದ, ಒಂದು ಅಕ್ಷರವನ್ನೂ ಬಿಡದೆ ಓದಿದಳು.

“ಮಾರಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಣಿಯ ಧಣಿ ಒಳ್ಳೆಯವರು. ಮಾರಿಗೆ ಓದು ಬರಹ ಬಾರದು. ಒಬ್ಬ ಮೋಸಗಾರ ಬಂದನು. ಮಾರಿ ಅವನ ಸಂಗಡ ಓ… ಡಿ… ಹೋ… ದ… ಳು.”

ಓದಿ ಮುಂದಿನ ಸಾಲಿಗೆ ಬೆರಳು ಇಟ್ಟಳು. ಅಲ್ಲಿ ಬೆರಳು ನಿಂತಿತು. ಅರ್ಥ ಆಗ ಬಂತು.

ನಾನು ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಉಳಿದದ್ದನ್ನು ಕಣ್ಣಲ್ಲೇ ಓದಿದೆ. ತಾಯಿ ಅತ್ತಳು. ಈಗ ತಾಯಿ ಅಕ್ಷರ ಕಲಿತಿದ್ದಾಳೆ. ಓದು ಬರಹ ಬಂದಿದ್ದರೆ ಮಾರಿ ಓಡಿ ಹೋಗುತ್ತಿರಲಿಲ್ಲ. ಎಲ್ಲರೂ ಅಕ್ಷರ ಕಲಿಯೋಣ. ತೊಟ್ಟಿ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಹೊರಗಿದ್ದ ಕೈ ಇಲ್ಲ. ಕೆಳಗೆ ಅವಳ ಹೆಸರು.

ಕನಕರಾಯ ನಿಧಾನವಾಗಿ ಕೇಳಿದ: “ಟೀಚರಮ್ಮ, ಅಕಿ ಓದಿದ್ದು ಖರೇನೋ ತಪ್ಪೋ?”

ಆ ಓಣಿಯಲ್ಲಿ ಅವಳ ಹಾಗೆ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ತಿಮ್ಮವ್ವನಿಗೆ ಅತ್ತಿ ದಾಟಿ ಎರಡು ಶಬ್ದ ಬರುತ್ತಿದ್ದವು, ಅಷ್ಟೇ. ನಾನು ಒಂದು ಸುಳ್ಳು ಹೇಳಿದರೆ ಮುಗಿಯಿತು. ಹೇಳಿದೆ.

“ತಪ್ಪು. ಅಕಿಗೆ ಅಚ್ಚಿನ ಅಕ್ಷರ ಇನ್ನೂ ಸರಿ ಬರಂಗಿಲ್ಲ. ನಾ ಓದ್ತೀನಿ ಕೇಳ್ರಿ,” ಅಂದು ಪುಸ್ತಕ ಎದುರಿಗೆ ಹಿಡಿದು ಗೋಡೆಯ ಹಾಳೆಯಲ್ಲಿದ್ದ ಮಾತುಗಳನ್ನೇ ಗಟ್ಟಿಯಾಗಿ ಶುರು ಮಾಡಿದೆ. ನನ್ನ ಮಗಳು ಮಾರೆಮ್ಮ. ಅಕಿ ಗಿರಣ್ಯಾಗ ನೆಲ್ಲು ಕುದಸ್ತಿದ್ಲು. ಮುದುಕನ ಮುಖ ಸಡಿಲವಾಗುತ್ತಿತ್ತು. ಕಾಲು ಜಾರಿ ತೊಟ್ಟ್ಯಾಗ ಬಿದ್ಲು.

ಆಗ ಯಮನಮ್ಮ ಎದ್ದು ಬಂದು ನನ್ನ ಭುಜದ ಮೇಲಿಂದ ಪುಟ ನೋಡಿದಳು. ಅವಳ ಕಣ್ಣಲ್ಲಿ ಇನ್ನೂ ಒಂದಿಷ್ಟು ಆಸೆ ಇತ್ತು. ನಿಜವಾಗಿಯೂ ತಾನೇ ತಪ್ಪು ಓದಿರಬಹುದು ಅಂತ ಅವಳು ನಂಬಲು ಹೊರಟಿದ್ದಳು. ನಾನು ಓದುತ್ತಿದ್ದ ಮಾತನ್ನು ಅವಳು ಆ ಪುಟದಲ್ಲಿ ಹುಡುಕಿದಳು. ತೊಟ್ಟಿ ಹುಡುಕಿದಳು, ಸಿಗಲಿಲ್ಲ. ಸತ್ತಾಳ ಹುಡುಕಿದಳು. ಬೆರಳು ಸಾಲಿನಿಂದ ಸಾಲಿಗೆ ಓಡಿತು. ನಾನು ಕಣ್ಣು ಸನ್ನೆ ಮಾಡಿದೆ, ಮೊಣಕೈಯಿಂದ ತಿವಿದೆ. ಅವಳಿಗೆ ಅದಾವುದೂ ತಾಗಲಿಲ್ಲ.

“ಎಲ್ಲದ ಟೀಚರ್?” ಅಂದಳು. “ನೀವು ಓದಾಕತ್ತಿದ್ದು ಎಲ್ಲದ? ಇಲ್ಲಿ ಇಲ್ಲಲ್ರಿ. ಇಲ್ಲಿ ಓಡಿ ಹೋದಳು ಅಂತನೇ ಅದ. ನಾ ಸರಿನೇ ಓದೀನಿ.”

ಅಷ್ಟು ಹೇಳಿದ ಮೇಲೆ ತಾನು ಏನು ಮಾಡಿದೆ ಅಂತ ಅವಳಿಗೆ ಹೊಳೆಯಿತು. ಬಾಯಿಗೆ ಸೆರಗು ಹಿಡಿದಳು. ಆದರೆ ಕೇಳಬೇಕಾದವರೆಲ್ಲ ಕೇಳಿ ಆಗಿತ್ತು.

ಕನಕರಾಯ ಎದ್ದು ನಿಂತ. ಅವನಿಗೂ ಸಂಕಟ ಇತ್ತು, ಇಲ್ಲ ಅನ್ನಲಾರೆ. “ನಿನ್ನ ಹೆಸರು ಕೆಳಗ ಅದ ಯಮನವ್ವಾ. ನೀನೇ ಓದಿ ತೋರಿಸಿದಿ. ಸರಕಾರದ ಅಚ್ಚಿನ್ಯಾಗ ನೀನೇ ಹಿಂಗ ಹೇಳಿದಿ ಅಂತ ಬಂದ ಮ್ಯಾಲ ನಾ ಯಾವ ಬಾಯಿಲೆ ಎಡಿ ಹಿಡೀಲಿ?”

“ನಾ ಹಂಗ ಹೇಳಿಲ್ಲ, ಯಪ್ಪಾ!”

“ಮತ್ತ ಇದು?” ಅಂದ ಮುದುಕ, ಪುಸ್ತಕದ ಕಡೆ ಕೈ ಮಾಡಿ.

ಒಲೆ ಆರಿಸಿದರು. ಆ ವಾರದಲ್ಲೇ ಕೂಸನ್ನು ತೊಟ್ಟಿಲಿಗೆ ಹಾಕಿ ಬೂದೆಮ್ಮ ಅಂತ ಕರೆದರು, ಸೊಸೆಯ ಅಜ್ಜಿಯ ಹೆಸರು. ಯಮನಮ್ಮ ತೊಟ್ಟಿಲ ಹತ್ತಿರ ಹೋಗಲಿಲ್ಲ.

ನಾನು ಮರುದಿನವೇ ರಾಯಚೂರಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ಹನುಮಂತ್ರಾಯರು ನನ್ನನ್ನು ಕೂರಿಸಿ, ನೀರು ಕೊಟ್ಟು, ಹಳದಿ ಪುಸ್ತಕಗಳ ರಾಶಿಯ ಹಿಂದೆ ಕುಳಿತು ಸಮಾಧಾನವಾಗಿ ಮಾತಾಡಿದರು.

“ನೋಡ್ರಿ ಮಹಾಂತಮ್ಮ, ಪಾಠ ಅಂದ ಮ್ಯಾಲ ಒಂದು ನೀತಿ ಬೇಕು. ಬರೇ ಸಾವು ಇಟ್ಟರ ಯಾರು ಕಲೀತಾರ? ತಾಯಿ ಇಟ್ಟೀನಿ, ಮಗಳು ಇಟ್ಟೀನಿ, ದುಃಖ ಇಟ್ಟೀನಿ. ಕೊನಿಗೆ ಒಂದು ಆಶಾ ಸೇರಿಸೀನಿ.”

“ನಿಮ್ಮದು ಒಂದು ಅಕ್ಷರ ಸೇರಿಸಬ್ಯಾಡ್ರಿ ಅಂತ ನಮಗ ಹೇಳಿದ್ರಲ್ರಿ.”

“ಅದು ಕಲಿಸೋ ಪದ್ಧತಿ. ಇದು ಪುಸ್ತಕ. ಗಿರಣಿಯಾಗ ಸತ್ತಳು ಅಂತ ಅಚ್ಚು ಹಾಕಿದ್ರ ನಾಳೆ ಕೋರ್ಟಿಗೆ ಎಳೀತಾರ. ಅಚ್ಚಿನ ಕಾಗದ ಅಷ್ಟೂ ಯಾರು ಕೊಟ್ಟಾರ ಗೊತ್ತದೇನು ನಿಮಗ?”

ಗೊತ್ತಿತ್ತು. ಮೊದಲ ಪುಟದಲ್ಲೇ ವಿರೂಪಣ್ಣನ ವಿಭೂತಿ ಹಚ್ಚಿದ ಫೋಟೋ ಇತ್ತು, ಕೆಳಗೆ ಅಕ್ಷರ ದಾಸೋಹಿ ಅಂತ ಬಿರುದು.

“ಕತಿ ನಿಮ್ಮದು ಮಾಡಿಕೊಂಡಿರಿ, ಸರಿ. ಅಕಿ ಹೆಸರು ಯಾಕ ಹಾಕಿದ್ರಿ?”

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. “ಅದು ಅಕಿಗೆ ಗೌರವ ಅಲ್ಲೇನ್ರಿ? ಮತ್ತ ಕಲಿಯೋರ ಬಾಯಿಂದನೇ ಬಂದ ಕತಿ ಅಂತ ಮ್ಯಾಲಿನವರಿಗೆ ತೋರಿಸಬೇಕಲ್ಲ.”

ನನ್ನ ಹಾಳೆ ವಾಪಸು ಕೊಡಿ ಅಂದೆ. ಅಚ್ಚಾದ ಮೇಲೆ ಕೈಬರಹ ಯಾರು ಇಡುತ್ತಾರೆ ಅಂದರು. ಜೋಡಿಸಿಕೊಂಡು ಹೋಗಿದ್ದ ಬೈಗುಳವನ್ನೆಲ್ಲ ಅಲ್ಲೇ ಸುರಿದು ಬಂದೆ. ಆಫೀಸಿನವರು ಬಾಗಿಲಿಗೆ ಬಂದು ನಿಂತು ನೋಡಿದರು. ಪುಸ್ತಕದ ಒಂದು ಪುಟವೂ ಅದರಿಂದ ಬದಲಾಗಲಿಲ್ಲ.

ಯಮನಮ್ಮ ಮತ್ತೆ ಕಟ್ಟೆಗೆ ಬರಲಿಲ್ಲ. ನಾನೇ ಅವಳ ಮನೆಗೆ ಹೋದೆ. ಅಂಗಳದಲ್ಲಿ ಉಣ್ಣೆ ಬಿಡಿಸುತ್ತಾ ಕುಳಿತಿದ್ದಳು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

“ಟೀಚರ್, ಕಲ್ತದ್ದು ಮರೀಬೇಕಂದ್ರ ಏನು ಮಾಡಬೇಕ್ರಿ?” ಅಂತ ಕೇಳಿದಳು. “ಕಣ್ಣಿಗೆ ಬಿದ್ರ ತಾನಾಗೇ ಓದ್ತದ್ರಿ. ಅಂಗಡ್ಯಾಗ ಅಕ್ಕಿ ಚೀಲದ ಮ್ಯಾಲ ಅವನ ಗಿರಣಿ ಹೆಸರು ಅದ. ಮೊದಲ ಬರೇ ಚೀಲ ಇತ್ತು.”

ಅವಳ ಜೊತೆ ಕುಳಿತು ಒಂದಿಷ್ಟು ಉಣ್ಣೆ ಬಿಡಿಸಿ ಎದ್ದು ಬಂದೆ.

ಸ್ವಲ್ಪ ದಿನದಲ್ಲೇ ನನ್ನ ಗಂಡನಿಗೆ ದೇವದುರ್ಗಕ್ಕೆ ವರ್ಗವಾಯಿತು. ಯಾರು ಮಾಡಿಸಿದರು ಅಂತ ನಾವು ಕೇಳಲಿಲ್ಲ. ಅಲ್ಲಿಯೂ ಕೇಂದ್ರ ತೆರೆದರು, ಅಲ್ಲಿಯೂ ಟೀಚರ್ ಸಿಗದೆ ನನ್ನ ಬಾಗಿಲಿಗೇ ಬಂದರು. ಬೇಡ ಅಂದೆ. ಮನೆಯ ಖರ್ಚು ಹೂಂ ಅನ್ನಿಸಿತು. ಎಂಬತ್ತಮೂರನೇ ಇಸವಿ. ಅದೇ ಹಳದಿ ಪುಸ್ತಕ, ಈಗ ಎರಡನೇ ಸಲ ಅಚ್ಚಾಗಿ ಬಂದಿತ್ತು. ಎಲ್ಲ ಪಾಠವನ್ನೂ ಮಾಡುತ್ತಿದ್ದೆ, ಮಾರಿಯ ಪುಟ ಬಂದಾಗ ಎರಡು ಹಾಳೆ ಕೂಡಿಸಿ ಮಗುಚಿ ಮುಂದೆ ಹೋಗುತ್ತಿದ್ದೆ. ಓದು ಬಾರದವರಿಂದ ಒಂದು ಪುಟ ಮುಚ್ಚಿಡುವುದು ಸುಲಭ. ಆದರೆ ನಾನು ಕಲಿಸಿದೆ,  ಅವರು ಕಲಿತರು.

ಬಸವಂತಮ್ಮ ಅಂತ ಒಬ್ಬ ಚುರುಕು ಹುಡುಗಿ ಇದ್ದಳು, ಹೊಸದಾಗಿ ಮದುವೆಯಾದವಳು. ಒಂದು ಮಧ್ಯಾಹ್ನ ನಾನು ಬರುವ ಮೊದಲೇ ಆ ಪುಟ ತೆಗೆದು ಎಲ್ಲರಿಗೂ ಓದಿ ಹೇಳುತ್ತಿದ್ದಳು. ಹೆಂಗಸರು ಬಾಯಿಗೆ ಕೈ ಹಚ್ಚಿ ನಗುತ್ತಿದ್ದರು. ಓಡಿ ಹೋದ ಹುಡುಗಿಯ ಕತೆ ಯಾರಿಗೆ ಬೇಡ!

“ಟೀಚರ್, ಈ ಮಾರಿ ಆಮ್ಯಾಲ ಏನಾದ್ಲು? ಆ ಲಫಂಗ ಅಕಿನ್ನ ನಡುದಾರ್ಯಾಗ ಬಿಟ್ಟನೇನು?”

ನನಗೆ ತಡೆಯಲಾಗಲಿಲ್ಲ. ಪುಸ್ತಕ ಮುಚ್ಚಿಸಿ ಎಲ್ಲವನ್ನೂ ಹೇಳಿದೆ. ತೊಟ್ಟಿ, ಕುದಿಯುವ ನೀರು, ಗೋಣಿಚೀಲ, ಇಮಾಮ್ ಬೀ ಕಂಡದ್ದು. ಅವಳು ಓಡಿ ಹೋಗಲಿಲ್ಲ, ಸತ್ತಳು, ಇದು ಅವಳ ತಾಯಿ ಯಮನಮ್ಮನೇ ನನಗೆ ಹೇಳಿದ ಮಾತು ಅಂತ ಹೇಳಿದೆ. ಹೇಳುವಾಗ ಅತ್ತೆ ಕೂಡ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವಂತಮ್ಮ ಮೆಲ್ಲಗೆ ಪುಸ್ತಕ ತೆರೆದಳು. ಪುಟದ ಕೆಳಗಿನ ಸಾಲಿಗೆ ಬೆರಳಿಟ್ಟು, ನಾನು ಕಲಿಸಿದ ಹಾಗೇ ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಆಮೇಲೆ ನನಗೆ ನೋವಾಗಬಾರದು ಅನ್ನುವ ದನಿಯಲ್ಲಿ ಅಂದಳು:

“ಹೆತ್ತ ತಾಯಿನೇ ಹಿಂಗ ಹೇಳ್ಯಾಳ ಅಂತ ಬರದದಲ್ರಿ ಟೀಚರ್. ಅಕಿಗಿಂತ ನಿಮಗ ಹೆಚ್ಚು ಗೊತ್ತೇನ್ರಿ?”